ಮಗುವಿನ ಪಾಲು: ದಾನವೋ ಋಣವೋ?

ಗೃಹಸ್ಥನು ತನ್ನ ದುಡಿಮೆಯಿಂದ ಬಂದುದನ್ನು ಎರಡು ಬಗೆಯಾಗಿ ವಿನಿಯೋಗಿಸುತ್ತಾನೆ. ಕೊಡಲೇಬೇಕಾದುದನ್ನು ಕೊಡುವುದು ಒಂದು. ಕೊಡಬಹುದಾದುದನ್ನು ಕೊಡುವುದು ಇನ್ನೊಂದು. ಮೊದಲನೆಯದು ಋಣ, ಎರಡನೆಯದು ದಾನ. ದಾನ ಮಾಡದವನನ್ನು ಲೋಕವು ಲೋಭಿಯೆಂದೀತು. ಋಣವನ್ನು ತೀರಿಸದವನಾದರೋ ಪರರ ಸೊತ್ತನ್ನು ತನ್ನಲ್ಲಿ ಇರಿಸಿಕೊಂಡವನಾಗುತ್ತಾನೆ. ಸತಿಪತಿಗಳು ಅಗಲಿ, ಮಗುವು ತಾಯಿಯ ಮಡಿಲಲ್ಲಿ ಬೆಳೆಯುತ್ತಿರುವಾಗ, ತಂದೆಯು ತಿಂಗಳು ತಿಂಗಳೂ ಕೊಡಬೇಕಾದ ಜೀವನಾಂಶವು ಈ ಎರಡರಲ್ಲಿ ಯಾವುದಕ್ಕೆ ಸೇರತಕ್ಕದ್ದು? ಇದು ನ್ಯಾಯಾಲಯದ ಕಟಕಟೆಯಲ್ಲಿ ಮಾತ್ರ ಕೇಳುವ ಪ್ರಶ್ನೆಯಲ್ಲ. ಲಿಂಗವಂತ ಗೃಹಸ್ಥನು ತನ್ನ ಅಂತರಂಗದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ.

ಮೊದಲು ಶಾಸನವೇನು ಹೇಳುತ್ತದೆಂಬುದನ್ನು ನೋಡೋಣ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ತಾನು ಯಾರಿಗೆ ಅನ್ವಯಿಸುವುದೆಂದು ಹೇಳುವಾಗ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಹೇಳಿದೆ. ಅದರ 20ನೆಯ ಪ್ರಕರಣದ ಮೇರೆಗೆ, ಅಪ್ರಾಪ್ತ ವಯಸ್ಸಿನ ಮಕ್ಕಳನ್ನು ಪೋಷಿಸುವುದು ತಂದೆಗೂ ತಾಯಿಗೂ ಬದ್ಧವಾದ ಕರ್ತವ್ಯ. ಅವಿವಾಹಿತ ಮಗಳು ತನ್ನ ಆದಾಯದಿಂದ ಅಥವಾ ಆಸ್ತಿಯಿಂದ ಜೀವಿಸಲಾರದಿದ್ದರೆ, ವಯಸ್ಕಳಾದ ಮೇಲೂ ಆ ಕರ್ತವ್ಯ ಮುಂದುವರಿಯುತ್ತದೆ. ಇದಲ್ಲದೆ, ಯಾವ ಮತದವರಿಗಾದರೂ ಅನ್ವಯಿಸುವ ಶೀಘ್ರ ಪರಿಹಾರವೊಂದುಂಟು. ಅದು ಹಿಂದೆ 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಪ್ರಕರಣವಾಗಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಪ್ರಕರಣವಾಗಿದೆ. ಈ ಎರಡು ಶಾಸನಗಳೂ ವಿವಾಹದಿಂದ ಜನಿಸಿದ ಮಗುವಿಗೂ ವಿವಾಹಬಾಹ್ಯವಾಗಿ ಜನಿಸಿದ ಮಗುವಿಗೂ ಭೇದವೆಣಿಸುವುದಿಲ್ಲ.

ಈ ಕೊನೆಯ ಮಾತು ಚನ್ನಗಿರಿ ಸೀಮೆಯ ಜನರಿಗೆ ಹೊಸದಾಗಿ ಕೇಳಬಾರದು. ಶಾಂತಿಸಾಗರವೆಂದು ಇನ್ನೊಂದು ಹೆಸರುಳ್ಳ ಆ ಮಹಾ ಜಲರಾಶಿಯನ್ನು ಶಾಂತವ್ವೆಯು ಕಟ್ಟಿಸಿದಳೆಂದೂ, ಆ ನೆಲಕ್ಕೆ ಒಡೆಯರಾಗಿದ್ದ ಸೂಳೆಯರು ತಮ್ಮ ಹೆಸರು ಉಳಿಯಬೇಕೆಂಬ ಕರಾರಿನಿಂದ ಅದನ್ನು ಬಿಟ್ಟುಕೊಟ್ಟರೆಂದೂ ಐತಿಹ್ಯವಿದೆ. ಲೋಕವು ಹೀನವೆಂದ ಹೆಸರನ್ನು ಹೊತ್ತೇ ಸೂಳೆಕೆರೆಯು ಸಹಸ್ರಾರು ಜನರಿಗೆ ಅನ್ನವಿಕ್ಕುತ್ತಿದೆ. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ಸೂಳೆ ಸಂಕವ್ವೆಗೂ ಸ್ಥಾನವಿತ್ತು. ಆಕೆಯ ವಚನವು ಇಂದಿಗೂ ಉಳಿದಿದೆ. ಹುಟ್ಟಿನಿಂದ ಯಾರನ್ನೂ ಅಳೆಯಬಾರದೆಂಬುದನ್ನು ಒಪ್ಪಿದ ಸಮಾಜವು, ತಾಯ್ತಂದೆಗಳ ನಡತೆಯ ನೆಪವೊಡ್ಡಿ ಮಗುವಿನ ತುತ್ತನ್ನು ತಡೆಯಬಹುದೇ? ಮಗುವು ಯಾವ ಕರಾರಿಗೂ ಸಹಿ ಹಾಕಿ ಹುಟ್ಟಿಲ್ಲ.

ಇನ್ನು ಅಳತೆಯ ವಿಚಾರ. ಎಷ್ಟು ಕೊಟ್ಟರೆ ಸಾಕು? ಹಿಂದಿನ ಸಂಹಿತೆಯಲ್ಲಿ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸಕೂಡದೆಂಬ ಮಿತಿಯಿತ್ತು. 2001ರ ತಿದ್ದುಪಡಿಯು ಅದನ್ನು ತೆಗೆದುಹಾಕಿತು. ಈಗ ಇಂತಿಷ್ಟೇ ಎಂಬ ಮೊತ್ತವಾಗಲಿ, ಆದಾಯದಲ್ಲಿ ಇಂತಿಷ್ಟು ಪಾಲೆಂಬ ಸಿದ್ಧಸೂತ್ರವಾಗಲಿ ಇಲ್ಲ. 2020ರ ನವೆಂಬರ್ 4ರಂದು ಸರ್ವೋಚ್ಚ ನ್ಯಾಯಾಲಯವು ರಜನೇಶ್ ಮತ್ತು ನೇಹಾ ಪ್ರಕರಣದ ತೀರ್ಪಿನಲ್ಲಿ ಇದಕ್ಕೊಂದು ಕ್ರಮವನ್ನು ಹಾಕಿಕೊಟ್ಟಿತು. ಉಭಯ ಪಕ್ಷದವರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚುಗಳನ್ನು ಪ್ರಮಾಣಪತ್ರದ ಮೂಲಕ ಮುಚ್ಚುಮರೆಯಿಲ್ಲದೆ ತಿಳಿಸತಕ್ಕದ್ದು. ಮಗುವಿನ ಅನ್ನ, ಬಟ್ಟೆ, ವಸತಿ, ವೈದ್ಯ, ವಿದ್ಯಾಭ್ಯಾಸಗಳ ಅಗತ್ಯವನ್ನೂ, ಕೊಡುವವನ ನಿಜವಾದ ಶಕ್ತಿಯನ್ನೂ, ಅವನು ಪೋಷಿಸಬೇಕಾದ ಇತರರ ಹೊರೆಯನ್ನೂ ನ್ಯಾಯಾಧೀಶರು ತೂಗಿ ನೋಡಬೇಕು. ವಿದ್ಯಾಭ್ಯಾಸದ ವೆಚ್ಚವನ್ನು ಸಾಮಾನ್ಯವಾಗಿ ತಂದೆಯು ವಹಿಸಬೇಕು. ತಾಯಿಗೂ ಸಾಕಷ್ಟು ಸಂಪಾದನೆಯಿದ್ದರೆ ಇಬ್ಬರೂ ಪ್ರಮಾಣಾನುಸಾರ ಹಂಚಿಕೊಳ್ಳಬಹುದು. ಆಜ್ಞೆಯು ಹೊರಟ ದಿನದಿಂದಲ್ಲ, ಅರ್ಜಿ ಸಲ್ಲಿಸಿದ ದಿನದಿಂದಲೇ ಮೊತ್ತವು ಸಲ್ಲಬೇಕು. ಮೊಕದ್ದಮೆ ಮುಗಿಯುವವರೆಗೆ ಮಗುವಿನ ಹಸಿವು ಕಾಯಲಾರದಾದ್ದರಿಂದ ಮಧ್ಯಂತರ ಜೀವನಾಂಶಕ್ಕೂ ಅವಕಾಶವಿದೆ; ಆ ಅರ್ಜಿಯನ್ನು ನೋಟೀಸು ಜಾರಿಯಾದ 60 ದಿನಗಳೊಳಗೆ ಸಾಧ್ಯವಾದಮಟ್ಟಿಗೆ ತೀರ್ಮಾನಿಸಬೇಕೆಂದು ಶಾಸನವು ಹೇಳುತ್ತದೆ.

ಸಂಬಳದಾರನ ಆದಾಯಕ್ಕೆ ಚೀಟಿಯುಂಟು. ಒಕ್ಕಲಿಗನ ಆದಾಯಕ್ಕೆ ಚೀಟಿಯೆಲ್ಲಿ? ಇಲ್ಲಿಯೇ ಮನುಷ್ಯನ ಸತ್ಯಪರೀಕ್ಷೆಯಾಗುವುದು. ಸೂಳೆಕೆರೆಯ ನೀರುಣ್ಣುವ ಗದ್ದೆ ತೋಟಗಳ ಒಡೆಯನಿಗೂ, ಮಳೆಯನ್ನೇ ನೆಚ್ಚಿದ ಜಗಳೂರಿನ ಬೆದ್ದಲು ಹೊಲದ ರೈತನಿಗೂ ಒಂದೇ ಮೊತ್ತವನ್ನು ವಿಧಿಸುವುದು ನ್ಯಾಯವಾಗದು. ಕರ್ತವ್ಯವು ಇಬ್ಬರಿಗೂ ಒಂದೇ. ಅಳತೆ ಮಾತ್ರ ಬೇರೆ. ಆದರೆ ತೋಟವನ್ನು ತಮ್ಮನ ಹೆಸರಿಗೆ ಬರೆದು, ಅಡಕೆಯ ಹಣವನ್ನು ಪರರ ಖಾತೆಗೆ ಹಾಯಿಸಿ, ತಾನು ಕೂಲಿಯವನೆಂದು ಪ್ರಮಾಣ ಮಾಡುವವನು ನ್ಯಾಯಾಧೀಶರನ್ನು ವಂಚಿಸಿದಂತಾಗಲಿಲ್ಲ. ತನ್ನ ಮಗುವಿನ ಬಟ್ಟಲಿಗೆ ಕೈಹಾಕಿದಂತಾಯಿತು. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಆ ಹೆಚ್ಚಿನದನ್ನು ಮರಳಿ ಸುರಿದು ಬರಲು ಹೇಳಿದ ಕಥೆಯನ್ನು ನಾವೆಲ್ಲರೂ ಬಲ್ಲೆವು. ತನ್ನದಲ್ಲದುದು ಒಂದು ಹಿಡಿಯಾದರೂ ಮನೆಯಲ್ಲಿರಬಾರದೆಂಬುದು ಆ ತಾಯಿಯ ಲೆಕ್ಕಾಚಾರ. ಜೀವನಾಂಶದ ಲೆಕ್ಕಾಚಾರವೂ ಅಂತಹುದೇ. ಕೊಡುವವನು ಅಡಗಿಸಬಾರದು, ಬೇಡುವವರು ಇಲ್ಲದ ಖರ್ಚನ್ನು ಹೆಚ್ಚಿಸಿ ಹೇಳಬಾರದು.

ಇಲ್ಲಿ ಕೆಲವರು ಆಕ್ಷೇಪವೆತ್ತಬಹುದು: “ಮಗುವನ್ನು ನೋಡಲು ಆಕೆ ಬಿಡುವುದಿಲ್ಲ, ನಾನೇಕೆ ಹಣ ಕೊಡಲಿ?” ಈ ಮಾತಿನಲ್ಲಿ ನೋವಿದೆ, ಅದನ್ನು ಅಲ್ಲಗಳೆಯಲಾಗದು. ತಂದೆಯ ಮುಖವನ್ನು ಮಗುವಿಗೆ ಮರೆಮಾಡುವ ತಾಯಿಯೂ ತಪ್ಪಿತಸ್ಥಳೇ. ಆದರೆ ಭೇಟಿಯ ಹಕ್ಕಿಗೆ ನ್ಯಾಯಾಲಯದಲ್ಲಿ ಬೇರೆಯೇ ದಾರಿಯುಂಟು. ಅದನ್ನು ಬಿಟ್ಟು ಹಣವನ್ನು ತಡೆದರೆ ಪೆಟ್ಟು ಬೀಳುವುದು ಆಕೆಯ ಮೇಲಲ್ಲ, ಶಾಲೆಯ ಶುಲ್ಕಕ್ಕಾಗಿ ನಿಂತ ಮಗುವಿನ ಮೇಲೆ. ಸೂಳೆಕೆರೆಯ ಸಿದ್ಧನಾಲೆ ಬಸವನಾಲೆಗಳಲ್ಲಿ ಹರಿಯುವ ನೀರನ್ನು, ಮೇಲಿನ ಗದ್ದೆಯವನು ನೆರೆಯವನ ಮೇಲಿನ ಹಗೆಯಿಂದ ಅಡ್ಡಗಟ್ಟಿದರೆ ಒಣಗುವುದು ಕೆಳಗಿನ ಪೈರು. ಪೈರಿಗೆ ಯಾರ ಜಗಳವೂ ತಿಳಿಯದು.

ಇನ್ನೊಂದು ಆಕ್ಷೇಪ: “ಈ ವರ್ಷ ಬೆಳೆ ಹೋಯಿತು, ಕೆಲಸ ಹೋಯಿತು, ಎಲ್ಲಿಂದ ತರಲಿ?” ಇದು ನಿಜವಾದರೆ ಶಾಸನವು ಕಿವುಡಲ್ಲ. ಪರಿಸ್ಥಿತಿ ಬದಲಾದಲ್ಲಿ ಮೊತ್ತವನ್ನು ಬದಲಾಯಿಸಬಹುದೆಂದು ಸುರಕ್ಷಾ ಸಂಹಿತೆಯ 146ನೆಯ ಪ್ರಕರಣವೂ, 1956ರ ಅಧಿನಿಯಮದ 25ನೆಯ ಪ್ರಕರಣವೂ ಹೇಳುತ್ತವೆ. ತಂದೆಗೆ ರೋಗ ಬಂದರೆ ಇಳಿಸಬಹುದು. ಅಂಗನವಾಡಿಗೆ ಹೋಗುತ್ತಿದ್ದ ಮಗುವು ಕಾಲೇಜಿಗೆ ಹೋಗುವಂತಾದರೆ ಏರಿಸಬಹುದು. ಆದರೆ ಇಳಿಸುವವರು ನ್ಯಾಯಾಧೀಶರು. ಕೊಡಬೇಕಾದವನು ತಾನೇ ನ್ಯಾಯಾಧೀಶನಾಗಿ ನಿಲ್ಲಿಸುವಂತಿಲ್ಲ. ಅರ್ಜಿ ಹಾಕದೆ ಸುಮ್ಮನೆ ಕುಳಿತವನ ಬಾಕಿಯು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಲೇ ಇರುತ್ತದೆ.

ಮೂರನೆಯ ಮಾತು ಹೆಮ್ಮೆಯದು: “ಜೈಲಿಗಾದರೂ ಹೋಗುತ್ತೇನೆ, ಕಾಸು ಕೊಡೆನು.” ಇಂಥವರು ತಿಳಿಯಬೇಕಾದುದಿಷ್ಟು. ಬಾಕಿಯು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಬಂದಲ್ಲಿ ನ್ಯಾಯಾಲಯವು ದಂಡ ವಸೂಲಿ ಮಾಡುವ ರೀತಿಯಲ್ಲಿ ವಾರಂಟು ಹೊರಡಿಸಬಹುದು. ಆಮೇಲೂ ಉಳಿದ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಕಾರಾವಾಸ ವಿಧಿಸಬಹುದು. ಆದರೆ ಸೆರೆಮನೆಯಲ್ಲಿ ಕುಳಿತ ಮಾತ್ರಕ್ಕೆ ಸಾಲ ತೀರದು. ಕಾರಾವಾಸವು ವಸೂಲಿಗೆ ಒಂದು ಉಪಾಯವೇ ಹೊರತು ಪಾವತಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಹಿಂದೆಯೇ ಕುಲದೀಪ್ ಕೌರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸಂಬಳದಾರನಾದರೆ, ಸಾಮಾನ್ಯ ಸಾಲಗಾರನಿಗೆ ದೊರೆಯುವ ರಕ್ಷಣೆಯೂ ಅವನಿಗೆ ಪೂರ್ಣವಾಗಿ ದೊರೆಯದು: ಜೀವನಾಂಶದ ಡಿಕ್ರಿಯ ಜಾರಿಯಲ್ಲಿ ಸಂಬಳದ ಮೂರನೆಯ ಒಂದು ಭಾಗಕ್ಕೆ ಮಾತ್ರ ಜಫ್ತಿಯಿಂದ ವಿನಾಯಿತಿ. ಮಗುವಿನ ಹಕ್ಕನ್ನು ರಾಜ್ಯವು ಇತರ ಸಾಲಗಳಿಗಿಂತ ಎತ್ತರದಲ್ಲಿರಿಸಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಊರ ಹಿರಿಯರ ಮುಂದೆ, ಮಠದ ಸನ್ನಿಧಿಯಲ್ಲಿ ರಾಜಿಯಾಗುವುದು ನಮ್ಮಲ್ಲಿ ಹಿಂದಿನಿಂದ ಬಂದ ಒಳ್ಳೆಯ ಪದ್ಧತಿ. ಸಿರಿಗೆರೆಯ ಸದ್ಧರ್ಮ ನ್ಯಾಯಪೀಠವು ಈ ಸೀಮೆಗೆಲ್ಲ ಪರಿಚಿತವಾದುದು. 1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮವೂ ಮೊದಲು ಸಂಧಾನಕ್ಕೆ ಯತ್ನಿಸಬೇಕೆಂದೇ ನ್ಯಾಯಾಧೀಶರಿಗೆ ವಿಧಿಸಿದೆ. ಸಂಧಾನವು ಶ್ರೇಯಸ್ಕರವೇ. ಆದರೂ ಒಂದು ಎಚ್ಚರಿಕೆ ಅಗತ್ಯ. “ಇಷ್ಟು ಹಣ ಒಮ್ಮೆಗೇ ತೆಗೆದುಕೋ, ಮುಂದೆ ಮಗುವಿಗಾಗಿ ಏನನ್ನೂ ಕೇಳಬೇಡ” ಎಂದು ತಾಯಿಯಿಂದ ಬರೆಸಿಕೊಳ್ಳುವವರುಂಟು. ತಾಯಿಯು ತನ್ನ ಹಕ್ಕನ್ನು ಬಿಡಬಹುದು. ಮಗುವಿನದನ್ನು ಬಿಡಲು ಅದು ಆಕೆಯದಲ್ಲ. ಪಂಚರಾಗಿ ಕೂರುವ ಹಿರಿಯರು, ಅಲ್ಲಿ ಮಾತನಾಡಲಾರದ ಮೂರನೆಯ ಪಕ್ಷವೊಂದಿದೆಯೆಂಬುದನ್ನು ನೆನೆದು, ಅದರ ಪರವಾಗಿ ತಾವೇ ನುಡಿಯತಕ್ಕದ್ದು.

ರಾಜಿಯಾಗದಿದ್ದಲ್ಲಿ ತಾಯಂದಿರು ನ್ಯಾಯಾಲಯಕ್ಕೆ ಹೋಗಲು ಅಂಜಬೇಕಾಗಿಲ್ಲ. ಅದು ಮನೆತನದ ಮಾನ ಕಳೆಯುವ ಕಾರ್ಯವೆಂಬುದು ಭ್ರಮೆ. ಮಾನ ಹೋಗುವುದು ಹಸಿದ ಮಗುವಿನಿಂದ, ಅರ್ಜಿಯಿಂದಲ್ಲ. ತಾನು ವಾಸಿಸುವ ಸ್ಥಳದ ನ್ಯಾಯಾಲಯದಲ್ಲಿಯೇ ಪತ್ನಿಯು ಅರ್ಜಿ ಸಲ್ಲಿಸಬಹುದು. ದಾವಣಗೆರೆಯಂತಹ ನಗರದಲ್ಲಿ ಕುಟುಂಬ ನ್ಯಾಯಾಲಯವಿದೆ. ಅಂಥ ನ್ಯಾಯಾಲಯದ ವ್ಯಾಪ್ತಿಗೆ ಸೇರದ ಸ್ಥಳಗಳಲ್ಲಿ ಪ್ರಥಮ ದರ್ಜೆಯ ನ್ಯಾಯಿಕ ದಂಡಾಧಿಕಾರಿಗಳು ವಿಚಾರಿಸುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ ಮಹಿಳೆಯರಿಗೂ ಮಕ್ಕಳಿಗೂ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ತಾನಾಗಿಯೇ ತೋರುತ್ತದೆ. ಜೀವನಾಂಶವು ದಾನವಲ್ಲ, ಆದುದರಿಂದ ಕೊಟ್ಟವನು ಬೀಗಬೇಕಾಗಿಲ್ಲ. ಅದು ಶಿಕ್ಷೆಯೂ ಅಲ್ಲ. ಆದುದರಿಂದ ಕುಗ್ಗಬೇಕಾಗಿಯೂ ಇಲ್ಲ. ಅದು ಮಗುವಿನ ಪಾಲು. ಅದರ ಕೈಸೇರುವವರೆಗೆ ತಂದೆಯ ಕೈಯಲ್ಲಿ ನಿಂತಿರುವ ಠೇವಣಿ. ಇದನ್ನರಿತರೆ ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳುವ ಅಳತೆಗೋಲೊಂದು ದೊರೆಯುತ್ತದೆ. ದಾಸೋಹಕ್ಕೆ ಸಲ್ಲುವುದು ಸತ್ಯಶುದ್ಧ ಕಾಯಕದ ಫಲವೊಂದೇ. ಮಗುವಿನ ಬಾಕಿಯನ್ನು ಉಳಿಸಿಕೊಂಡು ಜಾತ್ರೆಗೆ ಅಕ್ಕಿಯ ಮೂಟೆ ಕಳುಹಿಸುವವನು, ಗುಡಿಯ ಕಲ್ಲಿನ ಮೇಲೆ ಹೆಸರು ಕೆತ್ತಿಸುವವನು, ತನ್ನ ಕಾಯಕದ ಫಲವನ್ನು ಅರ್ಪಿಸಿದಂತಾಗಲಿಲ್ಲ; ಬೇರೊಬ್ಬರ ಅನ್ನವನ್ನು ತನ್ನ ಹೆಸರಿನಲ್ಲಿ ಬಡಿಸಿದಂತಾಯಿತು. ಅಂಥ ಮೂಟೆಯು ಮಠದ ಬಾಗಿಲಿಗೆ ಬಂದರೆ ಅದನ್ನು ಇಳಿಸಿಕೊಳ್ಳುವವರೂ ಒಮ್ಮೆ ವಿಚಾರಿಸಬೇಕು: “ಅಯ್ಯಾ, ಮನೆಯ ಮಗುವಿನ ಪಾಲು ಸಂದಿದೆಯೇ?” ಸಂದಿಲ್ಲವೆಂದಾದರೆ ಆ ಅಕ್ಕಿಯು ಮೊದಲು ಹೋಗಬೇಕಾದ ಮನೆ ಯಾವುದೆಂಬುದು ಕೊಟ್ಟವನಿಗೂ ಗೊತ್ತು, ಕೊಂಡವರಿಗೂ ಗೊತ್ತು.