ಜೀರ್ಣರಥದ ಮೋಹ

ಲೋಭವೆಂದೊಡನೆ ನಮಗೆ ನೆನಪಾಗುವುದು ಚಿನ್ನ, ಭೂಮಿ, ಅಧಿಕಾರ ಇವುಗಳೇ. ಪ್ರವಚನಗಳಲ್ಲಿ ಎಚ್ಚರಿಕೆಯ ಮಾತು ಬರುವುದೂ ಬೆಲೆಯುಳ್ಳ ವಸ್ತುಗಳನ್ನು ಕುರಿತೇ. ಆದರೆ ಅಗ್ಗವಾದ, ಮುರಿದುಬಿದ್ದ, ಪರರಿಗೆ ಬೇಡವಾದ ವಸ್ತುವೊಂದು ಮನುಷ್ಯನನ್ನು ಹಿಡಿದುಕೊಳ್ಳುವ ಬಗೆ ಇನ್ನೂ ಸೂಕ್ಷ್ಮವಾದುದು. ನನ್ನದೇ ಅನುಭವವನ್ನು ಸಜ್ಜನರ ಮುಂದಿಡುತ್ತಿದ್ದೇನೆ.

2022ರ ಬೇಸಿಗೆಯಲ್ಲಿ ಹುಮನಾಬಾದಿನಿಂದ ಕಲಬುರಗಿಗೆ ಮರಳುವಾಗ, ಕಮಲಾಪುರದಲ್ಲಿ ಆ ಊರಿನ ಹೆಸರಾಂತ ಕೆಂಪು ಬಾಳೆಹಣ್ಣನ್ನು ಕೊಳ್ಳಲು ನಿಂತೆವು. ಅಂಗಡಿಯ ಹಿಂದೆ ಬೇವಿನ ಮರದ ಕೆಳಗೆ ಹಳೆಯ ಕಾಂಟೆಸ್ಸಾ ಕಾರೊಂದು ಮಣ್ಣಿನಲ್ಲಿ ಅರ್ಧ ಹೂತು ನಿಂತಿತ್ತು. ಗಾಲಿಗಳಲ್ಲಿ ಗಾಳಿಯಿಲ್ಲ, ಒಳಗೆ ಕೋಳಿ ಮರಿಮಾಡಿತ್ತು. ಯಜಮಾನನು, "ಮೂವತ್ತೈದು ಸಾವಿರ ಕೊಟ್ಟು ತಗೊಂಡ್ ಹೋಗ್ರಿ, ಗುಜರಿಯವರಿಗೆ ಕೊಡಾಕ ಮನಸ್ಸಿಲ್ಲ" ಎಂದನು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯು 1984ರಿಂದ 2002ರವರೆಗೆ ತಯಾರಿಸಿದ ಈ ಗಾಡಿಯನ್ನು ಹಿರಿಯರು ಬಲ್ಲರು. ಅಮೆರಿಕೆಯಲ್ಲಿ 1960ರ ದಶಕದ ಪಾಂಟಿಯಾಕ್ ಜಿ.ಟಿ.ಓ. ಮೊದಲಾದ ಎಂಟು ಸಿಲಿಂಡರುಗಳ ಮಹಾಬಲದ ವಾಹನಗಳಿಗೆ 'ಮಸಲ್ ಕಾರ್' ಎಂಬ ಹೆಸರುಂಟು. ನಮ್ಮ ದೇಶದ ಹವ್ಯಾಸಿಗಳು ಪ್ರೀತಿಯಿಂದ ಅದನ್ನು ಕಾಂಟೆಸ್ಸಾಕ್ಕೂ ಕೊಟ್ಟಿದ್ದಾರೆ. ಉದ್ದವಾದ ಮೂತಿ, ಅಗಲವಾದ ಮೈ. ಆಕಾರ ಬಂದದ್ದು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನಿಂದ. ಆದರೆ ಮೊದಮೊದಲ ಗಾಡಿಗಳಲ್ಲಿದ್ದ ಎಂಜಿನು ಅಂಬಾಸಿಡರಿನದೇ, 1489 ಸಿ.ಸಿ., ಸುಮಾರು 50 ಅಶ್ವಶಕ್ತಿ. ನೋಟ ಮಹಾರಥಿಯದು, ಬಲ ಉತ್ತರಕುಮಾರನದು! ಜಪಾನಿನ ಇಸುಜು ಎಂಜಿನು ಬಂದದ್ದು ಅನಂತರ. ಕಮಲಾಪುರದ ಗಾಡಿ ಮೊದಲಿನ ಬಗೆಯದು.

ಇದೆಲ್ಲವೂ ನನಗೆ ತಿಳಿದಿತ್ತು. ಆ ಗಾಡಿಗೆ ಬೇರೆ ಚಾಸಿ ಇಲ್ಲ, ಮೈಯೇ ಅದರ ಎಲುಬು. ಆದುದರಿಂದ ನೆಲದ ತಗಡಿಗೂ ಬಾಗಿಲ ಕೆಳಗಿನ ಪಟ್ಟಿಗೂ ತುಕ್ಕು ಹಿಡಿದರೆ ಬಣ್ಣ ಬಳಿದು ಮುಚ್ಚಲಾಗದು, ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಬಿಡಿಭಾಗಗಳನ್ನು ಹೈದರಾಬಾದಿನವರೆಗೂ ಹುಡುಕಬೇಕು. ನೋಂದಣಿ ಎಂದೋ ಮುಗಿದಿತ್ತು, ಕಾಗದ ತೀರಿಹೋದ ತಂದೆಯ ಹೆಸರಿನಲ್ಲಿತ್ತು. 2021ರ ಕೇಂದ್ರ ನಿಯಮದಲ್ಲಿ 'ವಿಂಟೇಜ್' ಎಂಬ ಮನ್ನಣೆ ದೊರೆಯುವುದು 50 ವರ್ಷ ಮೀರಿದ ವಾಹನಕ್ಕೆ. ಇದಕ್ಕೆ ಆ ವಯಸ್ಸೂ ಇಲ್ಲ. ಕೊಳ್ಳುವ ಬೆಲೆ ಬಾಗಿಲು ಮಾತ್ರ, ಮನೆ ಒಳಗಿದೆ ಎಂದು ಬುದ್ಧಿ ಸ್ಪಷ್ಟವಾಗಿಯೇ ಹೇಳಿತು.

ಮನಸ್ಸು ಏನು ಮಾಡಿತೆಂಬುದೇ ವಿಚಾರಣೀಯ. ಅದು ಶಾಸ್ತ್ರದ ಭಾಷೆಯಲ್ಲಿಯೇ ವಾದಕ್ಕೆ ನಿಂತಿತು. ಹೊಸದನ್ನು ಕಟ್ಟುವುದಕ್ಕಿಂತ ಜೀರ್ಣೋದ್ಧಾರ ಶ್ರೇಷ್ಠವೆಂದು ಕೇಳಿಲ್ಲವೇ? ವ್ಯರ್ಥವಾಗುವ ವಸ್ತುವನ್ನು ಉಳಿಸುವುದು ಮಿತವ್ಯಯವಲ್ಲವೇ? ಹೊಸ ಕಾರಿಗೆ ಹತ್ತು ಲಕ್ಷ ಸುರಿಯುವವರಿಗಿಂತ ನಾನು ವಿರಕ್ತನಲ್ಲವೇ? ದೇವಾಲಯಕ್ಕೆ ಹೇಳಿದ ಮಾತನ್ನು ಕೋಳಿಗೂಡಾದ ಕಾರಿಗೆ ಹಚ್ಚುತ್ತಿದ್ದೇನೆಂಬ ನಾಚಿಕೆಯೂ ಆಗ ಬರಲಿಲ್ಲ. ವಿಷಯಚಿಂತನೆಯಿಂದ ಸಂಗ, ಸಂಗದಿಂದ ಕಾಮ, ಕಾಮದಿಂದ ಕ್ರೋಧವೆಂದು ಗೀತೆಯ ದ್ವಿತೀಯಾಧ್ಯಾಯದಲ್ಲಿ ಭಗವಂತನು ತೋರಿದ ಕ್ರಮದಲ್ಲಿ ನಾನು ಒಂದೊಂದೇ ಮೆಟ್ಟಿಲಿಳಿದೆ. ಗೃಹಿಣಿಯು "ಬದರಿಗೆ ಹೋಗಲಿಕ್ಕೆ ಕೂಡಿಸಿಟ್ಟ ರೊಕ್ಕ ಅದು, ಅಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದಾಗ ಸಿಡಿಮಿಡಿಗೊಂಡು ಕ್ರೋಧದ ಮೆಟ್ಟಿಲನ್ನೂ ಮುಟ್ಟಿದೆ.

ಆ ವರ್ಷ ಆಷಾಢ ಬಹುಳ ಪಂಚಮಿಗೆ ಶ್ರೀಜಯತೀರ್ಥರ ಆರಾಧನೆಗೆಂದು ಮಳಖೇಡಕ್ಕೆ ಹೋದೆವು. ಪೂರ್ವಾಶ್ರಮದಲ್ಲಿ ಧೋಂಡೋಪಂತರಾಗಿದ್ದ ಶ್ರೀಗಳು ಕುದುರೆಯೇರಿ ನದಿಗಿಳಿದು, ಕೆಳಗಿಳಿಯದೆಯೇ ಬಾಗಿ ಪಶುವಿನಂತೆ ನೀರು ಕುಡಿದುದನ್ನು ಅಕ್ಷೋಭ್ಯತೀರ್ಥರು ಕಂಡ ಪ್ರಸಂಗವನ್ನು ಪಂಡಿತರು ಅಂದು ವಿವರಿಸಿದರು. ಹಿಂದಿನ ಜನ್ಮದಲ್ಲಿ ಎತ್ತಾಗಿ ಶ್ರೀಮದಾಚಾರ್ಯರ ಗ್ರಂಥಗಳನ್ನು ಹೊತ್ತ ಜೀವವದು ಎಂಬುದು ಪರಂಪರೆಯ ನಂಬಿಕೆ. ಆ ಕುದುರೆಯ ಗತಿ ಏನಾಯಿತೆಂದು ಯಾರೂ ಕೇಳುವುದಿಲ್ಲ; ಅಂದು ನಾನು ಕೇಳಿಕೊಂಡೆ. ಒಡೆಯನು ಇಳಿದುಹೋದ ಮೇಲೆ ಅದು ಬರಿಯ ಕುದುರೆಯಾಗಿಯೇ ಉಳಿದಿರಬೇಕು.

ಕಾಗಿಣೆಯ ದಡದಲ್ಲಿ ಕುಳಿತಾಗ ನನಗೆ ಹೊಳೆದುದಿಷ್ಟು. ನಾನು ಬಯಸಿದ್ದು ವಾಹನವನ್ನಲ್ಲ. ಸುಸ್ಥಿತಿಯ ಕಾಂಟೆಸ್ಸಾವನ್ನು ಯಾರಾದರೂ ಉಚಿತವಾಗಿ ಕೊಟ್ಟಿದ್ದರೂ ಇಷ್ಟು ಉತ್ಸಾಹ ಬರುತ್ತಿರಲಿಲ್ಲ. "ಇದು ಸತ್ತಿತ್ತು, ಬದುಕಿಸಿದವನು ನಾನು" ಎಂದು ಹೇಳುವ ನನ್ನನ್ನು ನಾನು ಬಯಸಿದ್ದೆ. ವಸ್ತು ಎಷ್ಟು ಕೆಟ್ಟಿದ್ದರೆ ಆ ಕರ್ತೃತ್ವ ಅಷ್ಟು ದೊಡ್ಡದು. ಆದುದರಿಂದಲೇ ಅದರ ಪ್ರತಿಯೊಂದು ತೂತೂ ನನ್ನನ್ನು ಕರೆಯುತ್ತಿತ್ತು. ಜೀವನ ಕರ್ತೃತ್ವವು ಪರಾಧೀನ, ಶ್ರೀಹರಿಯೊಬ್ಬನೇ ಸ್ವತಂತ್ರನೆಂದು ಬಾಲ್ಯದಿಂದ ಪಾಠ ಕೇಳಿದವನಿಗೆ ಕಳ್ಳದಾರಿಯಲ್ಲಿ ಸ್ವಾತಂತ್ರ್ಯದ ರುಚಿ ತೋರಿಸುವಂತಿತ್ತು ಆ ಕಾರು.

ಹಾಗೆಂದು ಹಳೆಯ ವಾಹನವನ್ನು ದುರಸ್ತಿಮಾಡುವುದೇ ದೋಷವೆಂದು ನಾನು ಹೇಳಲಾರೆ. ನಮ್ಮ ಸಿದ್ಧಾಂತದಲ್ಲಿ ಯೋಗ್ಯತೆಗೆ ದೊಡ್ಡ ಸ್ಥಾನವಿದೆ. ಕೈಯಲ್ಲಿ ಕಸುಬು, ಮನೆಯವರ ಒಪ್ಪಿಗೆ, ಬಿಡುವು ಇರುವವನಿಗೆ ಅದು ವಿಹಿತವಾದ ವೃತ್ತಿಯೇ ಆಗಬಹುದು. ನನಗಾದರೋ ಸ್ಪಾನರು ಹಿಡಿಯಲೂ ಬಾರದು.

ಆ ಗಾಡಿಯನ್ನು ಕಲಬುರಗಿಯ ಗ್ಯಾರೇಜೊಂದರ ತರುಣನು ಕೊಂಡನು. ಹಗಲೆಲ್ಲ ಪರರ ಗಾಡಿ, ರಾತ್ರಿ ತನ್ನದು. ಎರಡು ವರ್ಷ ತಗಡು ಬೆಸೆದನಂತೆ. ನಾವು ಬದರಿಯನ್ನು ಕಂಡು ಬಂದೆವು. 2024ರ ಆಯುಧಪೂಜೆಯಂದು ಆತನು ಕಾರನ್ನು ಗುಡಿಯ ಮುಂದೆ ತಂದು ನಿಲ್ಲಿಸಿದನು. ಕಪ್ಪು ಬಣ್ಣ, ಚೆಂಡುಹೂವಿನ ಮಾಲೆ, ಗಾಲಿಗಳ ಕೆಳಗೆ ನಿಂಬೆಹಣ್ಣು. ಅರ್ಚಕರು ಮಂಗಳಾರತಿ ಎತ್ತಿದಾಗ ಎಲ್ಲರೂ ಕೈಮುಗಿದರು. ನಾನೂ ಮುಗಿದೆ. ಆದರೆ ಕಣ್ಣು ಬಾಗಿಲ ಕೆಳಗಿನ ಪಟ್ಟಿಯಲ್ಲಿ ಎಲ್ಲಿಯಾದರೂ ತುಕ್ಕು ಉಳಿದಿದೆಯೇ ಎಂದು ಹುಡುಕುತ್ತಿತ್ತು.

ಶ್ರೀಕೃಷ್ಣಾರ್ಪಣಮಸ್ತು