ಉಸಿರಿನ ಸಾಕ್ಷ್ಯ

ಒಬ್ಬನು ತನ್ನ ವಿಷಯವಾಗಿ ಹೇಳುವ ಮಾತು ಒಂದು, ಅವನನ್ನು ಅಳೆದ ಯಂತ್ರವು ಹೇಳುವ ಮಾತು ಇನ್ನೊಂದು ಆದರೆ, ನಂಬತಕ್ಕದ್ದು ಯಾವುದನ್ನು? ಪ್ರಶ್ನೆಯೇನೋ ಹಳೆಯದು, ನಮ್ಮ ತಾರ್ಕಿಕರು ಶಬ್ದಪ್ರಮಾಣ, ಅನುಮಾನಪ್ರಮಾಣಗಳೆಂಬ ಹೆಸರಿನಿಂದ ಇದರ ಮೂಲವನ್ನು ಚೆನ್ನಾಗಿ ಶೋಧಿಸಿದ್ದಾರೆ. ಆದರೂ ಅರಕಲಗೂಡಿನಲ್ಲಿ ನಮ್ಮ ಬಂಧುಗಳಾದ ಹಿರಿಯರೊಬ್ಬರ ಹಾಸಿಗೆಯ ಪಕ್ಕದಲ್ಲಿ ಕುಳಿತಾಗ ಅದು ನನಗೆ ಹೊಸದಾಗಿ ತೋರಿತು.

ಅವರಿಗೆ ನಿದ್ರೆಯಲ್ಲಿ ಉಸಿರು ಕಟ್ಟುವ ವ್ಯಾಧಿ. ಗೊರಕೆಯೆಂದು ಮನೆಯವರು ಬಹುಕಾಲ ನಕ್ಕು ಕಳೆದದ್ದು, ಹಾಸನದಲ್ಲಿ ಪರೀಕ್ಷೆಯಾದ ಮೇಲೆ ವ್ಯಾಧಿಯೆಂದು ತಿಳಿಯಿತು. ಇದಕ್ಕೆ ತಕ್ಕ ಉಪಾಯವನ್ನು ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಅವರೂ ಸಂಗಡಿಗರೂ 1981ರಲ್ಲಿ ಪ್ರಕಟಿಸಿದರು. ಮೂಗಿಗೆ ಮಾಸ್ಕು ಕಟ್ಟಿ ಅಲ್ಪ ಒತ್ತಡದಲ್ಲಿ ಎಡೆಬಿಡದೆ ಗಾಳಿಯನ್ನು ಊದುತ್ತಿದ್ದರೆ, ಕುಸಿದು ಮುಚ್ಚಿಕೊಳ್ಳುವ ಗಂಟಲು ತೆರೆದೇ ಇರುತ್ತದೆ. ಆ ಒತ್ತಡವು ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರು ನೀರಿನ ಎತ್ತರಕ್ಕೆ ಸಮನಾದುದು; ಅಂದರೆ ಒಂದು ಚೊಂಬಿನೊಳಗಿನ ನೀರಿನ ಭಾರ.

ಮಾಸ್ಕುಗಳಲ್ಲಿ ಮುಖ್ಯವಾಗಿ ಮೂರು ಬಗೆ: ಮೂಗನ್ನು ಮುಚ್ಚುವುದು, ಹೊಳ್ಳೆಗಳಿಗೆ ಮಾತ್ರ ತಾಗುವುದು, ಮೂಗು ಬಾಯಿಗಳೆರಡನ್ನೂ ಮುಚ್ಚುವುದು. ಬಿಟ್ಟ ಉಸಿರು ಹೊರಹೋಗಲೆಂದು ಪ್ರತಿಯೊಂದರಲ್ಲಿಯೂ ಸಣ್ಣ ರಂಧ್ರಗಳಿರುತ್ತವೆ. ನ್ಯಾಯವಾದ ಈ ಸೋರಿಕೆ ಎಷ್ಟು, ಅಂಚಿನಲ್ಲಿ ತಪ್ಪಿಹೋಗುವ ಸೋರಿಕೆ ಎಷ್ಟು ಎಂಬುದನ್ನು ಬೇರ್ಪಡಿಸಬೇಕಾದರೆ ಯಂತ್ರಕ್ಕೆ ಮಾಸ್ಕಿನ ಗುರುತು ತಿಳಿದಿರಬೇಕು. ಅನೇಕ ಯಂತ್ರಗಳು ಇದನ್ನು ಕೇಳಿಯೇ ತಿಳಿದುಕೊಳ್ಳುತ್ತವೆ.

ಮಳೆಗಾಲದ ನೆಗಡಿಯಲ್ಲಿ ಹಿರಿಯರು ಮೂಗಿನ ಮಾಸ್ಕನ್ನು ಬಿಟ್ಟು ಬಾಯಿಯನ್ನೂ ಮುಚ್ಚುವುದನ್ನು ತೊಟ್ಟರು; ಯಂತ್ರಕ್ಕೆ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಅದು ಕೇಳುತ್ತಿದ್ದುದು ಇಂಗ್ಲಿಷಿನಲ್ಲಿ. ದಿನವೂ ಬೆಳಗ್ಗೆ ಸೋರಿಕೆ ಮಿತಿಮೀರಿದೆಯೆಂಬ ಚಿಹ್ನೆ ಕಾಣುತ್ತಿತ್ತು. ದಿನವೂ ರಾತ್ರಿ ಅವರು ಪಟ್ಟಿಯನ್ನು ಬಿಗಿಯುತ್ತಿದ್ದರು. ಮೂಗಿನ ಮೇಲೆ ಹುಣ್ಣಾಯಿತು. ಸರಿಯಾಗಿ ಕಟ್ಟಿಕೊಂಡಿದ್ದೇನೆಂದು ಅವರು ಹೇಳಿದ್ದನ್ನು ಮನೆಯಲ್ಲಿ ಯಾರೂ ನಂಬಲಿಲ್ಲ, ನಾನೂ ನಂಬಲಿಲ್ಲ.

ಕೇಳದೆಯೇ ಮಾಸ್ಕನ್ನು ಗುರುತಿಸುವ ಉಪಾಯವನ್ನೂ ಯಂತ್ರಶಿಲ್ಪಿಗಳು ರೂಪಿಸಿದ್ದಾರೆ. ಗಾಳಿಯ ಹರಿವನ್ನೂ ಒತ್ತಡವನ್ನೂ ಅಳೆಯುವ ಸೆನ್ಸರುಗಳು ಯಂತ್ರದೊಳಗೆ ಇದ್ದೇ ಇರುತ್ತವೆ. ಒಳಗೆ ಹೋದ ಉಸಿರು ಹೊರಗೆ ಬರಲೇಬೇಕಷ್ಟೆ. ಆದುದರಿಂದ ಹಲವು ಉಸಿರುಗಳ ಸರಾಸರಿ ತೆಗೆದರೆ ಪುಪ್ಪುಸದ ಲೆಕ್ಕ ಸೊನ್ನೆಯಾಗಿ, ಸೋರಿಹೋದ ಗಾಳಿಯೊಂದೇ ಉಳಿಯುತ್ತದೆ. ಒತ್ತಡ ಏರಿದಂತೆ ಈ ಸೋರಿಕೆ ಏರುವ ಬಗೆ ಒಂದೊಂದು ಮಾಸ್ಕಿಗೆ ಒಂದೊಂದು. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಯಂತ್ರವು ಸೋರಿಕೆಯಿಂದ ಮಾಸ್ಕನ್ನು ಊಹಿಸುತ್ತದೆ.

ಇದರಲ್ಲಿ ಒಂದು ದೊಡ್ಡ ನ್ಯಾಯವಿದೆಯೆಂಬುದನ್ನು ಒಪ್ಪಲೇಬೇಕು. ಗಾಳಿಗೆ ಭಾಷೆಯಿಲ್ಲ. ಹೊಳೆನರಸೀಪುರದ ರೈತ, ಚನ್ನರಾಯಪಟ್ಟಣದ ಅಂಗಡಿಯವ, ಲಂಡನ್ನಿನ ಧನಿಕ, ಈ ಮೂವರನ್ನೂ ಅದು ಒಂದೇ ಲೆಕ್ಕದಿಂದ ತಿಳಿಯುತ್ತದೆ. ಅಕ್ಷರವಿಲ್ಲದವನೂ ಗುಂಡಿಯೊತ್ತಲು ಕೈನಡುಗುವವನೂ ಇನ್ನೊಬ್ಬರ ದಾರಿ ಕಾಯಬೇಕಾಗಿಲ್ಲ.

ಆದರೆ ಬೆಂಕಿಯಿದ್ದಲ್ಲಿ ಹೊಗೆಯಿದೆಯೆಂದು ತಿರುಗಿಸಿ ಹೇಳುವವನಿಗೆ ನಮ್ಮ ತಾರ್ಕಿಕರು ಹಸಿ ಸೌದೆಯ ನೆನಪು ಕೊಡುತ್ತಾರೆ: ಅದಿದ್ದರೆ ಮಾತ್ರ ಹೊಗೆ, ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಇಲ್ಲಿಯೂ ಅಂತಹ ಉಪಾಧಿಯೊಂದುಂಟು, ರಂಧ್ರಗಳು ಶುದ್ಧವಾಗಿರಬೇಕು. ಧೂಳು ಜಿಡ್ಡುಗಳಿಂದ ಅವು ಕಟ್ಟಿಕೊಂಡರೆ ಸೋರಿಕೆ ತಗ್ಗುತ್ತದೆ. ಯಂತ್ರವು ಇದು ಕಡಿಮೆ ಸೋರುವ ಬೇರೊಂದು ಮಾಸ್ಕೆಂದು ಎಣಿಸಿ ಸುಮ್ಮನಾಗಬಹುದು. ಮಲಗಿರುವವನಾದರೋ ತಾನು ಬಿಟ್ಟ ಕೆಟ್ಟ ಗಾಳಿಯನ್ನೇ ಮತ್ತೆ ಸೇದುತ್ತಿರುತ್ತಾನೆ. ಮೊದಲು ಹೇಳಿದ ಯಂತ್ರ ಸುಳ್ಳು ಗದ್ದಲವೆಬ್ಬಿಸಿತು. ಇದು ಗದ್ದಲವೆಬ್ಬಿಸಬೇಕಾದಲ್ಲಿ ಮೌನವಾಗಿರುತ್ತದೆ. ಎರಡನೆಯದೇ ಹೆಚ್ಚು ಭಯಂಕರವೆಂದು ನನ್ನ ಅಭಿಪ್ರಾಯ.

ಇದು ಬರಿಯ ತರ್ಕವಿನೋದವಲ್ಲ. ನಮ್ಮ ಕಡೆಯ ಮಕ್ಕಳು ಹೋಗಿ ನೆಲಸಿರುವ ಅಮೆರಿಕದಲ್ಲಿ ಮೆಡಿಕೇರ್ ಎಂಬ ಸರ್ಕಾರೀ ವಿಮೆಯು, ಮೊದಲ ಮೂರು ತಿಂಗಳುಗಳಲ್ಲಿ ಸತತವಾದ 30 ದಿನಗಳಲ್ಲಿ ನೂರಕ್ಕೆ 70 ರಾತ್ರಿಗಳು, ರಾತ್ರಿಗೆ 4 ಗಂಟೆಯಾದರೂ ಯಂತ್ರ ಬಳಸಿದ್ದಕ್ಕೆ ದಾಖಲೆ ಕೇಳುತ್ತದೆ. ಆ ದಾಖಲೆ ಬರುವುದು ಯಂತ್ರದಿಂದ. ನಾನು ತೊಟ್ಟಿದ್ದೆನೆಂಬ ರೋಗಿಯ ಮಾತು ಅಲ್ಲಿ ಸಾಲದು. ಸುಳ್ಳು ಹೇಳುವವರಿದ್ದಾರೆ, ನಿಜ. ಮರೆಯುವವರು ಅವರಿಗಿಂತ ಹೆಚ್ಚು. ಆದರೆ ಸಾಕ್ಷಿಯನ್ನು ಪ್ರಶ್ನಿಸುವ ಅವಕಾಶ ನಮ್ಮ ನ್ಯಾಯಸ್ಥಾನಗಳಲ್ಲಿ ಕಳ್ಳನಿಗೂ ಉಂಟು, ಉಸಿರಾಡುವವನಿಗೆ ಇರಬಾರದೆ?

ಯಂತ್ರವು ಊಹಿಸಲಿ, ಊಹಿಸಿದ್ದನ್ನು ತೊಟ್ಟವನ ಭಾಷೆಯಲ್ಲಿ ಅವನ ಮುಂದಿಡಲಿ. ನಿನ್ನೆ ಒಂದು ಮಾಸ್ಕು, ಇಂದು ಇನ್ನೊಂದು ಎಂದು ತೋರಿದರೆ ಬದಲಾಯಿಸಿದಿರಾ ಎಂದು ಕೇಳಲಿ. ಇಲ್ಲವೆಂಬ ಉತ್ತರ ಬಂದಾಗ ಒಬ್ಬರನ್ನು ಗೆಲ್ಲಿಸಿ ಒಬ್ಬರನ್ನು ಸೋಲಿಸಬೇಕಾಗಿಲ್ಲ. ಮಾಸ್ಕನ್ನು ಬೆಳಕಿಗೆ ಹಿಡಿದು ರಂಧ್ರಗಳನ್ನು ನೋಡಬೇಕು. ಮಾತಿಗೂ ಅಳತೆಗೂ ಬಿದ್ದ ವಿರೋಧವೇ ಅಲ್ಲಿ ಮೂರನೆಯ ಸಾಕ್ಷಿ.

ನಮ್ಮ ಹಿರಿಯರ ಹುಣ್ಣು ಮಾಗಿದೆ. ಅವರ ಮೊಮ್ಮಗಳು ಯಂತ್ರದ ಗುಂಡಿಯ ಬಳಿ ಕನ್ನಡದಲ್ಲಿ ಬರೆದ ಚೀಟಿಯೊಂದನ್ನು ಅಂಟಿಸಿದ್ದಾಳೆ. ಮಾಸ್ಕು ಬದಲಾಯಿಸಿದ ರಾತ್ರಿ ಅವರು ಕನ್ನಡಕ ಹಾಕಿಕೊಂಡು ಅದನ್ನು ಗಟ್ಟಿಯಾಗಿ ಓದಿ, ಗುಂಡಿ ತಿರುಗಿಸಿ, ಆಮೇಲೆ ಮಲಗುತ್ತಾರೆ.