ಹಳೆಯ ಸೀಸೆ

ಲೋಕದ ಪದಾರ್ಥಗಳಲ್ಲಿ ಎರಡು ಜಾತಿಗಳನ್ನು ಹೇಳಬಹುದು. ಬಳಸಿದರೂ ಉಳಿಯತಕ್ಕವು ಕೆಲವು. ಬಳಸಿದೊಡನೆ ಮುಗಿಯತಕ್ಕವು ಕೆಲವು. ಪುಸ್ತಕವನ್ನು ನೂರು ಮಂದಿ ಓದಿದರೂ ಅದರಲ್ಲಿ ಒಂದಕ್ಷರವೂ ಕಡಮೆಯಾಗದು. ಮಾವಿನ ಹಣ್ಣನ್ನು ಒಬ್ಬನು ತಿಂದರೆ ಅದು ಮತ್ತೊಬ್ಬನಿಗಿಲ್ಲ. ಮೊದಲನೆಯ ಜಾತಿಯದನ್ನು ಕೂಡಿಡುವವನನ್ನು ಯಾರೂ ಆಕ್ಷೇಪಿಸರು. 1915ರಲ್ಲಿ ಸ್ಥಾಪಿತವಾಗಿ ಚಾಮರಾಜಪೇಟೆಯಲ್ಲಿ ನೆಲೆಗೊಂಡ ಸಾಹಿತ್ಯ ಪರಿಷತ್ತು ಗ್ರಂಥಗಳನ್ನು ಕೂಡಿಸಿದುದು ಓದುವವರಿಗಾಗಿಯೇ. ಎರಡನೆಯ ಜಾತಿಯದನ್ನು ಕೂಡಿಡುವವನಾದರೋ ಕೊಳೆತ ಹಣ್ಣಿಗೆ ಒಡೆಯನಾಗುತ್ತಾನೆ. ಇವೆರಡರ ನಡುವೆ ಮೂರನೆಯ ಜಾತಿಯೊಂದುಂಟು: ಬಳಸಿದರೆ ಮುಗಿಯುವುದು, ಆದರೆ ಕಾದಷ್ಟೂ ಗುಣಗೊಳ್ಳುವುದು. ಹಳೆಯ ತುಪ್ಪ, ಹಳೆಯ ಉಪ್ಪಿನಕಾಯಿ, ದ್ರಾಕ್ಷಿಯ ಹಳೆಯ ಮದ್ಯ ಇವು ಆ ಜಾತಿಯವು. ಇಂಥವನ್ನು ಎಷ್ಟು ಕಾಲ, ಯಾರಿಗಾಗಿ ಇಟ್ಟುಕೊಳ್ಳುವುದು ನ್ಯಾಯ ಎಂಬುದು ವಿಚಾರಿಸತಕ್ಕ ಪ್ರಶ್ನೆ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಈ ಪ್ರಶ್ನೆಗೆ ಈಗ ಹೊಸದೊಂದು ರೂಪ ಬಂದಿದೆ. ಮದ್ಯದ ಸೀಸೆ 1809ರಲ್ಲಿ ಹುಟ್ಟಿದ ದಂಡಿನ ಕಡೆಯವರ ಮೇಜಿಗೆ ಸೇರಿದ್ದು. 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳ ಅನೇಕ ಗೃಹಸ್ಥರಿಗೆ ಅದು ಹೊಸ್ತಿಲು ದಾಟಬಾರದ ವಸ್ತು. ಇಂದು ಅಂಥ ಮನೆಯೊಂದರ ಮಗನು ಪರದೇಶದಿಂದ ಬರುವಾಗ ಮುದ್ರೆಯೊಡೆಯದ ಸೀಸೆಯೊಂದನ್ನು ತಂದು ಬೀರುವಿನಲ್ಲಿ ಇಟ್ಟನೆನ್ನಿ. ತಾಯಿ ಹುಬ್ಬು ಗಂಟಿಕ್ಕುತ್ತಾಳೆ. “ಇದು ಕುಡಿಯುವುದಕ್ಕಲ್ಲಮ್ಮ. ಚಿನ್ನ ಕೊಂಡಿಟ್ಟ ಹಾಗೆ. ಇಪ್ಪತ್ತು ವರ್ಷ ಕಳೆದರೆ ಇದರ ಬೆಲೆ ಎಲ್ಲಿಗೋ ಹೋಗುತ್ತದೆ” ಎಂದು ಮಗನು ಸಮಾಧಾನ ಹೇಳುತ್ತಾನೆ. “ಕುಡಿಯದಿದ್ದರೆ ಸರಿ” ಎಂದು ತಂದೆ ವೃತ್ತಪತ್ರಿಕೆಗೆ ಹಿಂದಿರುಗುತ್ತಾನೆ. ಮನೆಯಲ್ಲಿ ಶಾಂತಿ ನೆಲೆಸುತ್ತದೆ. ಆ ಶಾಂತಿ ನ್ಯಾಯವಾದುದೆ?

ತೀರ್ಪಿಗೆ ಮೊದಲು ಆ ಸೀಸೆಯಲ್ಲಿ ಏನಿದೆ ಎಂಬುದನ್ನು ತಿಳಿಯುವುದು ಮೇಲು. ದೀರ್ಘಕಾಲ ಬಾಳತಕ್ಕ ಮದ್ಯಗಳಲ್ಲಿ ಪೋರ್ಚುಗಲ್ ದೇಶದ ಡೌರೊ ಕಣಿವೆಯ ಪೋರ್ಟ್ ಪ್ರಸಿದ್ಧವಾದುದು. ದ್ರಾಕ್ಷಿಯ ರಸ ಹುದುಗೆದ್ದು ಅದರ ಸಿಹಿಯೆಲ್ಲ ಕರಗುವ ಮುನ್ನವೇ, ದ್ರಾಕ್ಷಿಯಿಂದಲೇ ಬಟ್ಟಿಯಿಳಿಸಿದ ಸಾರವನ್ನು ಅದಕ್ಕೆ ಹೊಯ್ಯುತ್ತಾರೆ. ಹುದುಗು ಅಲ್ಲಿಗೆ ನಿಲ್ಲುತ್ತದೆ; ಸಿಹಿ ಉಳಿಯುತ್ತದೆ; ಮದ್ಯಸಾರ ನೂರಕ್ಕೆ 20ರ ಆಸುಪಾಸಿಗೆ ಏರುತ್ತದೆ. ಫಲ ಅತ್ಯುತ್ತಮವಾದ ವರ್ಷಗಳಲ್ಲಿ ಮಾತ್ರ ಆ ವರ್ಷದ ಹೆಸರನ್ನು ಹೊತ್ತ ವಿಂಟೇಜ್ ಪೋರ್ಟ್ ಹೊರಡುತ್ತದೆ. ಎರಡು ಮೂರು ವರ್ಷದೊಳಗೆ ಮರದ ಪೀಪಾಯಿಯಿಂದ ಸೀಸೆಗಿಳಿದ ಆ ರಸ, ಆಮೇಲೆ ಹಲವು ದಶಕಗಳ ಕಾಲ ಕತ್ತಲೆಯಲ್ಲಿ ಮೆಲ್ಲನೆ ಪಕ್ವವಾಗುತ್ತದೆ. ಮಡೀರ ದ್ವೀಪದ ಮದ್ಯಕ್ಕಾದರೋ ಭಾರತದ ದಾರಿಯ ಋಣವೇ ಉಂಟು. ಹದಿನೆಂಟನೆಯ ಶತಮಾನದಲ್ಲಿ ಹಡಗಿನ ತಳದಲ್ಲಿ ಬೇಯುತ್ತ ಉಷ್ಣದ ಕಡಲುಗಳನ್ನು ದಾಟಿದ ಪೀಪಾಯಿಗಳ ರಸ ಕೆಡುವ ಬದಲು ಸೊಗಸಾಯಿತು. ಇಂಡಿಯಾಕ್ಕೆ ಹೋಗಿ ಹಿಂದಿರುಗಿದ ಪೀಪಾಯಿಗೆ ಮರ್ಯಾದೆ ಹೆಚ್ಚಿತು. ಮುಂದೆ ಹಡಗಿನ ಕೆಲಸವನ್ನು ಬಿಸಿಕೋಣೆಗಳಿಂದ ಮಾಡಿಸಿದರು.

ಈ ಊರಿನ ನೀಲಿ ದ್ರಾಕ್ಷಿಗೂ ಈ ಮಾರ್ಗ ಹೊಸದಲ್ಲ. ಕೋಲಾರ, ಚಿಕ್ಕಬಳ್ಳಾಪುರ, ದೇವನಹಳ್ಳಿಗಳ ಕಡೆ ಬೆಳೆದು, ಗಾಂಧಿಬಜಾರಿನ ಬುಟ್ಟಿಗಳಲ್ಲಿ ದೂರದಿಂದಲೇ ಮೂಗಿಗೆ ತಿಳಿಯುವ ಆ ದಪ್ಪ ಸಿಪ್ಪೆಯ ಹಣ್ಣು 2013ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆಯಿತು. ಈ ದೇಶದಲ್ಲಿ ಪೋರ್ಟ್ ಎಂಬ ಹೆಸರಿನಿಂದ ಮಾರಾಟವಾಗುವ ಸಿಹಿಮದ್ಯಕ್ಕೂ ಅದು ಒದಗುತ್ತದೆ. ಆದರೆ ಆ ಅಗ್ಗದ ಸೀಸೆಯನ್ನು ಕೊಂಡವನು ಕುಡಿದು ಮುಗಿಸುತ್ತಾನೆ. ಬೀರುವನ್ನು ಸೇರುವುದು ವಿರಳವಾದುದು ಮಾತ್ರ.

ಹಳೆಯದರ ಗುಣವನ್ನು ಈ ನಾಡಿನ ಪೂರ್ವಿಕರೂ ಬಲ್ಲವರಾಗಿದ್ದರು. ಹೊಸ ಮದ್ಯ ಜೀರ್ಣಕ್ಕೆ ಭಾರವೆಂದೂ ಹಳೆಯದು ಹಗುರವೆಂದೂ ಚರಕಸಂಹಿತೆ ಭೇದವನ್ನು ಹೇಳುತ್ತದೆ. ವರ್ಷಗಟ್ಟಲೆ ಇಟ್ಟ ತುಪ್ಪವನ್ನು ಆಯುರ್ವೇದ ಔಷಧವೆಂದೇ ಎಣಿಸಿತು. ಮದ್ಯದ ಹೆಸರೆತ್ತದ ಮನೆಗಳಲ್ಲಿಯೂ ಅಟ್ಟದ ಮೂಲೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಜಾಡಿಯೊಂದು ಇರುತ್ತಿದ್ದಿತು. ಅದರಲ್ಲಿ ಉಪ್ಪಿನಲ್ಲಿಯೇ ಕಪ್ಪಾದ ಹಳೆಯ ನಿಂಬೆಕಾಯಿ. ಅದನ್ನು ಹಬ್ಬದ ಎಲೆಗೆ ಬಡಿಸುವಂತಿಲ್ಲ. ಮಕ್ಕಳು ಕೇಳಿದರೆ ಕೊಡುವಂತಿಲ್ಲ. ಜ್ವರ ಬಿಟ್ಟು ಬಾಯಿ ಕೆಟ್ಟವನ ಗಂಜಿಗೆ ಅದರ ಒಂದು ಚೂರು ಬೀಳುವುದು. ನೆರೆಮನೆಯ ಬಸುರಿ ಹೇಳಿಕಳುಹಿಸಿದರೆ ಅವಳಿಗೆ ಒಂದು ಬಟ್ಟಲು ಹೋಗುವುದು. ಜಾಡಿಯನ್ನು ಕಾಯುವ ಅಜ್ಜಿಯನ್ನು ಲೋಭಿ ಎಂದು ಯಾರೂ ಅನ್ನಲಿಲ್ಲ. ಅವಳು ಕಾಯುತ್ತಿದ್ದುದು ಯಾರಿಗೆಂದು ಎಲ್ಲರಿಗೂ ತಿಳಿದಿದ್ದಿತು.

ಇಂಗ್ಲೆಂಡಿನ ಕೆಲವು ಸಿರಿವಂತ ಮನೆತನಗಳಲ್ಲಿ ಮಗು ಹುಟ್ಟಿದ ವರ್ಷದ ಪೋರ್ಟನ್ನು ನೆಲಮಾಳಿಗೆಯಲ್ಲಿಟ್ಟು, ಮಗುವಿಗೆ 21 ತುಂಬಿದಾಗ ತೆರೆಯುವ ಪದ್ಧತಿಯಿದ್ದಿತು. ಇಟ್ಟ ಹಿರಿಯನು ಆ ದಿನದವರೆಗೆ ಬದುಕಿರುವನೆಂಬ ಭರವಸೆಯಿಲ್ಲ. ಕುಡಿತವನ್ನು ಒಪ್ಪದವನೂ ಈ ಕಾಯುವಿಕೆಯಲ್ಲಿ ಪ್ರೀತಿಯಿರುವುದನ್ನು ಒಪ್ಪಬೇಕಾಗುತ್ತದೆ. ಅಜ್ಜಿಯ ಜಾಡಿಗೂ ಈ ಸೀಸೆಗೂ ಆಚಾರದಲ್ಲಿ ಅಜಗಜಾಂತರವಿದ್ದರೂ ಒಂದು ಸಾಮ್ಯವುಂಟು: ಎರಡಕ್ಕೂ ತೆರೆಯುವ ಗಳಿಗೆಯಿದೆ, ಎರಡಕ್ಕೂ ಎದುರಿಗೆ ಒಬ್ಬ ಮನುಷ್ಯನಿದ್ದಾನೆ.

ಈ ಎರಡೂ ಇಲ್ಲದ ಸಂಗ್ರಹದ ಗತಿ ಏನೆಂಬುದಕ್ಕೆ ನಿದರ್ಶನವಿದೆ. 1985ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 1787ರದೆಂದು ಹೇಳಲಾದ ಲಫೀತ್ ಸೀಸೆಯೊಂದು 1,05,000 ಪೌಂಡಿಗೆ ಹೋಯಿತು. ಅದು ಅಮೆರಿಕದ ರಾಷ್ಟ್ರಾಧ್ಯಕ್ಷನಾಗಿದ್ದ ಜೆಫರ್‌ಸನ್ನನದೆಂಬ ಪ್ರತೀತಿಯಿದ್ದಿತು. ಕೊಂಡ ಫೋರ್ಬ್ಸ್ ಮನೆತನದವರು ಅದನ್ನು ನ್ಯೂಯಾರ್ಕಿನ ತಮ್ಮ ಪ್ರದರ್ಶನಾಲಯದಲ್ಲಿ ದೀಪದ ಬೆಳಕಿಗೆ ನಿಲ್ಲಿಸಿದರು. ದೀಪದ ಕಾವಿಗೆ ಬಿರಡೆ ಒಣಗಿ ಕುಗ್ಗಿ ಮದ್ಯದೊಳಕ್ಕೇ ಬಿದ್ದುಹೋಯಿತು. ಕತ್ತಲೆಯಲ್ಲಿ ಮಲಗಿರಬೇಕಾದುದನ್ನು ಬೆಳಕಿನಲ್ಲಿ ನಿಲ್ಲಿಸಿದುದರ ಫಲ ಅದು. ಕುಡಿದವರು ಯಾರೂ ಇಲ್ಲ. ಆದರೂ ಮದ್ಯ ಹಾಳಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಮೂಲದಿಂದ ಬಂದ ನಾಲ್ಕು ಸೀಸೆಗಳನ್ನು ಕೊಂಡಿದ್ದ ವಿಲಿಯಂ ಕೋಕ್ ಎಂಬ ಧನಿಕನು ಅವು ಕೃತಕವೆಂದು 2006ರಲ್ಲಿ ನ್ಯಾಯಾಲಯಕ್ಕೆ ಹೋದನು. ಗಾಜಿನ ಮೇಲಿನ ಅಕ್ಷರಗಳು ಈಚಿನ ಯಂತ್ರದ ಕೆತ್ತನೆ ಎಂಬುದು ಅವನ ಕಡೆಯ ಪರೀಕ್ಷಕರ ಅಭಿಪ್ರಾಯ. 2013ರಲ್ಲಿ ರೂಡಿ ಕುರ್ನಿಯವಾನ್ ಎಂಬವನು ತನ್ನ ಮನೆಯಲ್ಲಿಯೇ ಮದ್ಯಗಳನ್ನು ಬೆರೆಸಿ ಹಳೆಯ ಹೆಸರಿನ ಚೀಟಿ ಅಂಟಿಸಿ ಮಾರಿದುದಕ್ಕಾಗಿ ನ್ಯೂಯಾರ್ಕಿನಲ್ಲಿ ಅಪರಾಧಿಯೆನಿಸಿದನು. ಮರುವರ್ಷ ಅವನಿಗೆ ಹತ್ತು ವರ್ಷಗಳ ಸೆರೆಯಾಯಿತು. ಇಂಥ ಮೋಸ ಬಹುಕಾಲ ನಡೆಯಲು ಕಾರಣವೇನು? ಹುಳಿ ಮಾವಿನ ಹಣ್ಣನ್ನು ರಸಪುರಿ ಎಂದು ಮಾರಿದವನು ಸಂಜೆಯೊಳಗೆ ಸಿಕ್ಕಿಬೀಳುತ್ತಾನೆ, ಏಕೆಂದರೆ ಕೊಂಡವನು ತಿನ್ನುತ್ತಾನೆ. ತೆರೆಯದ ಸೀಸೆಯಲ್ಲಿ ನಿಜವೂ ಸುಳ್ಳೂ ಒಂದೇ ಬೆಲೆಗೆ ಒಟ್ಟಿಗೆ ಬಾಳಬಲ್ಲವು. ನಾಲಗೆಯನ್ನು ಸಾಕ್ಷಿಗೆ ಕರೆಯದ ಕಡೆ ಚೀಟಿಯ ಮಾತೇ ಮಾತು.

ಕೂಡಿಡುವವರಿಲ್ಲದಿದ್ದರೆ ಹಳೆಯದು ಉಳಿಯುತ್ತಲೇ ಇರಲಿಲ್ಲವಲ್ಲ, ಅವರು ಕಾವಲುಗಾರರಲ್ಲವೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ತಂಪನ್ನೂ ಕತ್ತಲೆಯನ್ನೂ ಒದಗಿಸಿ ತಾಳ್ಮೆಯಿಂದ ಕಾಯುವುದು ಗುಣವೇ ಸರಿ. ಆದರೆ ಕಾವಲುಗಾರನಿಗೆ ತಾನು ಕಾಯುವುದು ಯಾರ ಸೊತ್ತನ್ನು ಎಂಬ ಅರಿವಿರಬೇಕು. ಚಿನ್ನದ ಹೋಲಿಕೆಯೂ ಇಲ್ಲಿ ಸಲ್ಲದು. ಚಿನ್ನಕ್ಕೆ ಹೊತ್ತಿಲ್ಲ, ಮದ್ಯಕ್ಕೆ ಒಂದು ಮಧ್ಯಾಹ್ನವುಂಟು, ಅದರ ಹಿಂದೆಯೇ ಇಳಿಹೊತ್ತೂ ಉಂಟು. ಬೆಲೆ ಇನ್ನೂ ಏರಲೆಂದು ಕಾಯುವವನು ಆ ಮಧ್ಯಾಹ್ನವನ್ನು ತಾನೂ ಕಾಣನು, ಪರರಿಗೂ ಕಾಣಗೊಡನು.

ಇನ್ನು “ಕುಡಿಯದಿದ್ದರೆ ಸರಿ” ಎಂಬ ತಂದೆಯ ಮಾತು. ಸುರಾಪಾನವನ್ನು ಧರ್ಮಶಾಸ್ತ್ರಗಳು ಮಹಾಪಾತಕಗಳಲ್ಲಿ ಎಣಿಸಿದುದು ನಿಜ. ಆದರೆ ಅಪರಿಗ್ರಹವೆಂಬ ಇನ್ನೊಂದು ನಿಯಮವುಂಟು. ಪತಂಜಲಿಯ ಯಮಗಳಲ್ಲಿ ಅದು ಐದನೆಯದು. ಜೈನರ ಮಹಾವ್ರತಗಳಲ್ಲಿಯೂ ಐದನೆಯದು. ಮೊದಲಿನದನ್ನು ಪಾಲಿಸಿದೆನೆಂಬ ತೃಪ್ತಿಯಲ್ಲಿ ಎರಡನೆಯದನ್ನು ಮರೆಯುವುದು ಸುಲಭ. ಮಗನ ಸೀಸೆಯನ್ನು ಇಪ್ಪತ್ತು ವರ್ಷದ ಮೇಲೆ ಕೊಳ್ಳುವವನು ಕುಡಿಯುವವನಾದರೆ, ತಪ್ಪೆಂದು ತಿಳಿದ ಕಾರ್ಯದಿಂದಲೇ ಈ ಮನೆ ಲಾಭ ಪಡೆದಂತಾಗುತ್ತದೆ. ಅವನೂ ಕುಡಿಯದೆ ಮತ್ತೊಬ್ಬನಿಗೆ ಮಾರುವವನಾದರೆ, ಎಲ್ಲರೂ ಸೇರಿ ಬರಿಯ ಹೆಸರನ್ನು ಕೈಯಿಂದ ಕೈಗೆ ದಾಟಿಸಿದಂತಾಗುತ್ತದೆ. ಕುಡಿಯುವುದು ತಪ್ಪೆಂದು ನಂಬಿದವನು ಅದನ್ನು ಮನೆಗೆ ತರಬೇಕಾದುದೇ ಇಲ್ಲ. ತಪ್ಪಲ್ಲವೆಂದು ನಂಬಿದವನು ತೆರೆಯುವ ದಿನವನ್ನೂ ಜೊತೆಗಾರರನ್ನೂ ಗೊತ್ತುಮಾಡಿಕೊಂಡು ಇಡಲಿ.

ತಾಯಿ ಹುಬ್ಬು ಗಂಟಿಕ್ಕಿದುದು ಆಚಾರಭಯದಿಂದಲೇ ಇರಬಹುದು. ಆದರೂ ಅವಳಿಗೆ ಕೇಳತಕ್ಕ ಪ್ರಶ್ನೆಯೊಂದು ಗೊತ್ತಿದೆ: “ಇದು ಯಾರಿಗಪ್ಪ?” ಮಗನು ಅದಕ್ಕೆ ಉತ್ತರ ಹೇಳಲಾರನು. ಅಟ್ಟದ ಜಾಡಿಯನ್ನು ಕುರಿತು ಕೇಳಿದ್ದರೆ ಮನೆಯ ಚಿಕ್ಕ ಮಗುವೂ ಹೇಳುತ್ತಿದ್ದಿತು. ಆ ಜಾಡಿ ಒಮ್ಮೊಮ್ಮೆ ಬರಿದಾಗುವುದೂ ಉಂಟು. ಬರಿದಾದಾಗ ಅದನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಮುಂದಿನ ವರ್ಷದ ನಿಂಬೆಕಾಯಿಯನ್ನು ಹೆಚ್ಚಿ ತುಂಬುತ್ತಾರೆ.